ಓದಿಸಿದ ಸಕ್ಕರೆ

ಕೂಸು ಕಕ್ಕಿದ್ದು ಒಂದೇ ಸಲ. ಅದೂ ಬರೀ ಹಾಲು. ಎಳೆಯ ಕೂಸು ಹಾಲು ಕಕ್ಕುವುದೇನು ಹೊಸದೆ, ಕಕ್ಕುವ ಕೂಸು ಕಸುವಿನ ಕೂಸು ಎಂದು ಹಿರಿಯರೇ ಅಂದಿಲ್ಲವೆ ಎಂದು ಮೋತಿಬಿ ತನ್ನಷ್ಟಕ್ಕೆ ಹೇಳಿಕೊಂಡಳು. ಹೇಳಿಕೊಂಡದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ. ಗದಗಿನಲ್ಲಿ ಒಂದು ದವಾಖಾನೆಯ ಹಿಂದಿನ ಉದ್ದ ಕೋಣೆಯ ಮರದ ಬಾಕಿನ ಮೇಲೆ, ತೊಡೆಯಲ್ಲಿ ಬರ್ಫದ ಫ್ಲಾಸ್ಕನ್ನಿಟ್ಟುಕೊಂಡು ಕೂತವಳ ಮುಂದೆ ನಸುಕಿನ ಹೊತ್ತೇ ಬಂದು ಬಂದು ನಿಲ್ಲುತ್ತಿತ್ತು. ಲಕ್ಷ್ಮೇಶ್ವರದ ಮನೆಯಲ್ಲಿ ಚಿಮಣಿ ಬೆಳಕಿಗೆ ಬಾಗಿ ಮಗಳು ನಜಮಾ ಕೌದಿಯ ಮೇಲೆ ಚೆಲ್ಲಿದ ಹಾಲನ್ನು ಒರೆಸುತ್ತಿದ್ದಳು. ಮೊಮ್ಮಗ ಮಾಶಾಕ, ಈಗಿನ್ನೂ ಗೋಡೆಗೆ ಆನಿಸಿದರೆ ಕೂಡಲು ಕಲಿತವನು, ಅಳದೆ, ದಣಿದ ಮುದುಕನಂತೆ ಜಂತಿಯನ್ನು ನೋಡುತ್ತ ಬಿದ್ದಿದ್ದ. ಅತ್ತಿದ್ದರೆ ಚೆನ್ನಾಗಿತ್ತು. ಹೊಸ್ತಿಲು ದಾಟುವಾಗ ಒಮ್ಮೆ ಅವನ ಹೊಟ್ಟೆ ಮುಟ್ಟಿ ನೋಡಬೇಕೆನಿಸಿತ್ತು. ಮೊದಲ ಬಸ್ಸು ತಪ್ಪುತ್ತದೆ, ಬರ್ಫ ಕರಗುತ್ತದೆ ಎಂದು ಬಂದುಬಿಟ್ಟಿದ್ದಳು. ಬರ್ಫ ಕರಗೀತೆಂದು ಕೂಸಿನ ಹೊಟ್ಟೆ ಮುಟ್ಟದೆ ಬಂದ ಅಜ್ಜಿ. ಹುಟ್ಟಿಸಿದವನು ಇದನ್ನೂ ನೋಡಿರುತ್ತಾನೆ.

ಫ್ಲಾಸ್ಕಿನಲ್ಲಿದ್ದುದು ಪರರ ಮಕ್ಕಳ ಭೇದಿ. ಒಂದು ವರ್ಷದಿಂದ ಅವಳ ಅನ್ನ ಅದೇ ಆಗಿತ್ತು. ಶಿಗ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಓಣಿಗಳಲ್ಲಿ ಯಾವ ಕೂಸಿಗೆ ಹೊಟ್ಟೆ ಜಾಡಿಸುತ್ತಿದೆ ಎಂಬ ಖಬರ ಸಿಕ್ಕರೂ ಅಲ್ಲಿಗೆ ಹೋಗಿ, ತಾಯಿಯನ್ನು ಒಲಿಸಿ, ಲಂಗೋಟಿಯಿಂದ ಒಂದಿಷ್ಟನ್ನು ಬಳಿದು ಬೆರಳುದ್ದದ ಬಾಟ್ಲಿಗೆ ತುಂಬಿ, ಬರ್ಫದಲ್ಲಿಟ್ಟು ಗದಗಿಗೆ ಮುಟ್ಟಿಸಬೇಕು. ಅಲ್ಲಿಂದ ಅದು ರೈಲು ಹತ್ತಿ ಎಲ್ಲಿಯೋ ದೂರದ ಪ್ರಯೋಗಶಾಲೆಗೆ ಹೋಗುತ್ತಿತ್ತು. ಮಕ್ಕಳಿಗೆ ವಾಂತಿ ಭೇದಿ ತರುವ ಒಂದು ಹುಳವಿದೆಯಂತೆ. ಕಣ್ಣಿಗೆ ಕಾಣದಂತೆ. ದೊಡ್ಡ ಯಂತ್ರದಲ್ಲಿ ನೋಡಿದರೆ ಬಂಡಿಯ ಗಾಲಿಯ ಹಾಗೆ, ನಡುವೆ ಗುಂಬ, ಸುತ್ತ ಅರಗಾಲು, ಗುಂಡಗೆ ಕಾಣುತ್ತದಂತೆ. ಹುಳವಲ್ಲ, ವೈರಸ್ಸು ಎಂದು ಈ ಬಾಟ್ಲಿ ಕೂಡಿಸುವ ಸ್ಕೀಮಿನ ಡಾಕ್ಟರ ಅಂದಾನಪ್ಪ ತಿದ್ದುತ್ತಿದ್ದರು. ಆದರೆ ಅವಳಿಗೆ ಗಾಲಿ ಎಂಬುದೇ ನೆನಪುಳಿದಿತ್ತು. ಇವತ್ತೂ ಬಸ್ಸಿನಲ್ಲಿ ಕಂಡಕ್ಟರ್ ಫ್ಲಾಸ್ಕನ್ನು ತಟ್ಟಿ, "ಏನ ಬೀಬಿ, ಮಂದಿಗೆಲ್ಲಾ ಚಾ ತಂದೀಯೇನ? ನನಗೊಂದ ಕಪ್ಪು ಹಾಕು" ಎಂದಿದ್ದ. ಗೊತ್ತಿದ್ದವರು ನಕ್ಕಿದ್ದರು, ಒಬ್ಬಳು ಮೂಗಿಗೆ ಸೆರಗು ಹಿಡಿದಿದ್ದಳು. ಮೋತಿಬಿಯೂ ನಕ್ಕಿದ್ದಳು. ನಗದಿದ್ದರೆ ಇನ್ನಷ್ಟು ಅನ್ನುತ್ತಾರೆ.

"ಬರ್ರಿ ಬಾಯಾರ, ಒಳಗ ಬರ್ರಿ, ಚೊಲೊ ಹೊತ್ತಿಗೆ ಬಂದ್ರಿ" ಎಂದು ಡಾಕ್ಟರು ಕರೆದರು. ಬಾಟ್ಲಿಗಳನ್ನು ತೆಗೆದಿಟ್ಟುಕೊಳ್ಳುವ ಮೊದಲೇ ಒಂದು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮನುಷ್ಯರ ಫೋಟೊ ಅಲ್ಲ. ಬೂದಿ ಬಣ್ಣದ ನೆಲದ ಮೇಲೆ ಸಾಲು ಸಾಲಾಗಿ ಕಪ್ಪು ಗೆರೆಗಳು, ಒಂದರ ಪಕ್ಕ ಒಂದು ನಿಚ್ಚಣಿಕೆ ನಿಲ್ಲಿಸಿದ ಹಾಗೆ.

"ಇದೇನ್ರಿ ಸಾಹೇಬ್ರ?"

"ನಿಮ್ಮ ಹುಳದ ಜಾತಕ. ನೀವು ತಂದು ಕೊಟ್ಟಿದ್ರಲ್ಲ, ಹೋದ ತಿಂಗಳು, ಅದರಾಗಿನ ವೈರಸ್ಸಿನ ಒಳಗಿಂದು ತಗದು, ಅಂಟಿನಂಥಾದ್ದರಾಗ ಕರೆಂಟ್ ಬಿಟ್ಟು ಓಡಸ್ತಾರ. ಸಣ್ಣ ತುಂಡು ಮುಂದ ಓಡತಾವ, ದೊಡ್ಡವು ಹಿಂದ ಉಳೀತಾವ. ಒಂದೊಂದು ತುಂಡಿಗೆ ಒಂದೊಂದು ಗೆರಿ. ಒಂದು ವೈರಸ್ಸಿನ ಗೆರಿ ಇನ್ನೊಂದಕ್ಕ ಕೂಡೂದಿಲ್ಲ, ನಮ್ಮ ಬೆರಳಿನ ಗೆರಿ ಇದ್ದಂಗ." ಅವರ ದನಿಯಲ್ಲಿ ಮದುವೆ ಮನೆಯ ಹುರುಪಿತ್ತು. "ಇವು ನೋಡ್ರಿ ಗದಗ-ಬೆಟಗೇರಿ ಕೂಸುಗಳವು. ಇವು ಮುಂಡರಗಿ. ನಿಮ್ಮಂಗ ಆ ಕಡೆ ತಿರಗೋ ನಮ್ಮ ಹೊಳೆಯಪ್ಪ ತಂದಿದ್ದು. ಇವೆರಡೂ ಒಂದ ಥರ. ಈಗ ಈ ಕಡೆ ನೋಡ್ರಿ. ಶಿಗ್ಲಿ. ಲಕ್ಷ್ಮೇಶ್ವರ. ಶಿರಹಟ್ಟಿ. ಕೆಳಗಿನ ಎರಡು ಗೆರಿ ಮ್ಯಾಲಕ್ಕ ಸರದಾವ, ಕಾಣತೈತಿಲ್ಲ? ಮೂರೂ ಊರಾಗ ಹಂಗ. ಅಂದ್ರೇನಾತು?"

"ನನಗೇನ ತಿಳೀತೈತ್ರಿ."

"ಒಂದ ವೈರಸ್ಸು ಮೂರೂರು ನಡದಾಡೇತಿ. ಮುಂಡರಗಿಗೆ ಹೋಗಿಲ್ಲ, ಗದಗಿಗೆ ಬಂದಿಲ್ಲ. ಮೂರೂರಿಗೂ ಒಂದ ಬಾವಿ ಇಲ್ಲ, ಒಂದ ಕೆರಿ ಇಲ್ಲ. ಹಂಗಾರ ಹೆಂಗ ಹೋತು? ಯಾರೋ ಹೊತಗೊಂಡು ಹೋಗ್ಯಾರ." ಫೋಟೊ ಇಳಿಸಿ ಅವಳನ್ನು ನೋಡಿದರು. ನೋಟದಲ್ಲಿ ಯಾವ ಸಂಶಯವೂ ಇರಲಿಲ್ಲ. "ನೀವು ಓಣಿ ಓಣಿ ತಿರಗೋರು. ಈ ಮೂರೂ ಊರಾಗ ಮನಿ ಹೊಕ್ಕು ಬಳಸೋರು ಯಾರರ ಅದಾರೇನು? ಹಾಲಿನಾಕಿ? ಸೂಲಗಿತ್ತಿ? ನೆನಸರಿ ಸ್ವಲ್ಪ."

ಅವಳಿಗೆ ನೆನೆಸಬೇಕಾಗಿರಲಿಲ್ಲ. ತನ್ನ ಬಲಗೈಯ ತೋರುಬೆರಳು ಸೆರಗಿನೊಳಗೆ ತಾನಾಗಿ ಮುದುಡಿಕೊಂಡದ್ದು ಅವಳಿಗೆ ತಿಳಿಯಿತು. "ಬಳಿ ಜಹಾಂಗೀರ ಬರತಾನ್ರಿ" ಎಂದು ಬಾಯಿ ಅಂದಿತು. "ಮೂರೂ ಊರಿನ ಹೆಣಮಕ್ಕಳಿಗೆ ಅವನ ಬಳಿ ಇಡಸ್ತಾನ್ರಿ." ಡಾಕ್ಟರು "ಹಾಂ! ಬಳಿಗಾರ!" ಎಂದು ಮೇಜಿನ ಮೇಲಿನ ಚೀಟಿಯಲ್ಲಿ ಬರೆದುಕೊಂಡರು.

ಹೊರಗೆ ಬಂದಾಗ ಬಿಸಿಲಿತ್ತು, ತಂಡಿಯೂ ಇತ್ತು. ಬಸ್ ಸ್ಟ್ಯಾಂಡಿನವರೆಗೆ ಹೇಗೆ ನಡೆದಳೋ ನೆನಪಿಲ್ಲ. ಶಿರಹಟ್ಟಿಯ ಮೇಲೆ ಹಾಯುವ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿಯ ಮಗ್ಗುಲು ಕೂತು ಅವಳು ಬೆರಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಗೋರಂಟಿ ಮಾಸಿದ ಉಗುರು, ಉಗುರಿನ ಬದಿಗೆ ಸೀಳು, ತುದಿಯಲ್ಲಿ ಸುರುಳಿ ಸುರುಳಿ ಗೆರೆ. ಈ ಬೆರಳಿನಿಂದಲೇ ಅವಳು ಮನೆಗಳನ್ನು ಗೆದ್ದಿದ್ದಳು. ಮೊದಮೊದಲು ಯಾರೂ ಬಾಟ್ಲಿಗೆ ಕೊಡುತ್ತಿರಲಿಲ್ಲ. ಕೂಸಿನ ಹೊಲಸು ಒಯ್ದು ಮಾಟ ಮಾಡಿಸುತ್ತಾಳೆ ಎಂದು ಬಾಗಿಲು ಹಾಕುತ್ತಿದ್ದರು. ಆಗ ಅವಳಿಗೆ ಅಪ್ಪ ನೆನಪಾಗಿದ್ದ. ಊರ ಹೊರಗಿನ ದರ್ಗಾದ ಅಂಗಳ ಗುಡಿಸುತ್ತ ಬದುಕಿದ ಅಪ್ಪ, ಗುರುವಾರ ಜನ ತಂದ ಸಕ್ಕರೆಯನ್ನು ಪೀರನ ಮುಂದಿಟ್ಟು ಫಾತಿಹಾ ಓದಿಸಿ, ಅಂಜಿದ ಕೂಸುಗಳ ನಾಲಗೆಗೆ ಬೆರಳಿನಿಂದ ಒಂದು ಕಣ ಇಡುತ್ತಿದ್ದ. ಲಿಂಗ ಕಟ್ಟಿದವರ ಕೂಸು, ಸಾಬರ ಕೂಸು, ಯಾವುದೂ ಬಾಯಿ ಮುಚ್ಚುತ್ತಿರಲಿಲ್ಲ. ಅವಳೂ ಗುರುವಾರ ಗುರುವಾರ ಸಕ್ಕರೆ ಓದಿಸಿ ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಹೊರಟಳು. ಬಾಗಿಲು ತೆರೆದವು. ಬಿಸ್ಮಿಲ್ಲಾ ಅಂದು ಕಾಯಿಲೆಯ ಕೂಸಿಗೆ ಒಂದು ಕಣ, ಆಮೇಲೆ ಕಟ್ಟೆಗೆ ನೆರೆದ ಓಣಿಯ ತಾಯಂದಿರು ಬಗಲ ಕೂಸುಗಳನ್ನು ಮುಂದೆ ಹಿಡಿದರೆ ಅವಕ್ಕೂ. "ಸಕ್ರಿ ಬೀಬಿ ಬಂದ್ಲು" ಅನ್ನುತ್ತಿದ್ದರು. ಬೆನ್ನ ಹಿಂದೆ ಹೇಲಿನ ಬೀಬಿ ಅಂದರೂ ಅನ್ನಲಿ; ಎದುರಿಗೆ ಸಕ್ರಿ ಬೀಬಿ ಅನ್ನುತ್ತಿದ್ದರು. ಅದೆಷ್ಟು ಹಿತವಾಗಿತ್ತು. ಲಂಗೋಟಿ ಬಳಿದ ಕೈ. ಡಬ್ಬಿಯೊಳಗೆ ಅದ್ದಿದ ಕೈ. ಮುಂದಿನ ಬಾಯಿ.

ಕೈ ತೊಳೆಯಿರಿ, ಪ್ರತಿ ಮನೆಯಲ್ಲೂ ಸಾಬೂನು ಹಚ್ಚಿ ತೊಳೆಯಿರಿ ಎಂದು ಡಾಕ್ಟರು ಹೇಳಿರಲಿಲ್ಲವೆ? ಹೇಳಿದ್ದರು. ಸಾಬೂನಿನ ತುಂಡನ್ನೂ ಕೊಟ್ಟಿದ್ದರು. ಕೆಲಸ ಕಲಿಯಲೆಂದು ಮೊದಲ ವಾರ ಅಂತೂರ ಬೆಂತೂರಿಗೆ ಕಳಿಸಿದಾಗ ಅವಳು ಸಿದ್ದಲಿಂಗವ್ವ ಎಂಬ ಗೌಡರ ಮನೆಯ ಸೊಸೆಯ ಮುಂದೆ, "ಯವ್ವಾ, ಕೈಗೆ ಒಂಚೂರು ನೀರು ಹಾಕರಿ" ಎಂದು ಕೇಳಿದ್ದಳು. ಆ ಹೆಂಗಸು ತಂಬಿಗೆ ತಂದವಳು ಅಲ್ಲೇ ನಿಂತಳು. "ನನ ಕೂಸಿನ ಮುಟ್ಟಿ ಕೈ ತೊಳಕೊಂತಿಯೇನ? ನೀನು? ನಾವು ನಿನ್ನ ಪಡಸಾಲಿ ತನಕ ಬಿಟಗೊಂಡೀವಿ, ನಿನಗ ನಮ್ಮ ಕೂಸು ಹೇಸಿಗಿ ಆತೇನ? ಹೇಸಿಗಿ ಆಗಿದ್ರ ಯಾಕ ತುಂಬಕೊಂಡ ಹೊಂಟಿ, ಚೆಲ್ಲಿ ಹೋಗು." ಬಾಟ್ಲಿಯನ್ನು ಕಸಿದು ಅಂಗಳಕ್ಕೆ ಚೆಲ್ಲಿದ್ದಳು. ಆ ದಿನದಿಂದ ಮೋತಿಬಿ ಯಾರ ಬಾಗಿಲಲ್ಲೂ ಕೈಗೆ ನೀರು ಕೇಳಲಿಲ್ಲ. ಒಬ್ಬರ ಕೂಸನ್ನು ಎತ್ತಿ ಮುದ್ದಿಸಿ ಅವರೆದುರೇ ಕೈ ತೊಳೆಯುವುದು ಆ ಕೂಸಿನ ಮೋರೆಗೆ ಉಗುಳಿದಂತೆ. ಇದು ಯಾವ ಹೆಂಗಸಿಗೆ ತಿಳಿಯದು? ಸೆರಗಿಗೆ ಒರೆಸಿಕೊಂಡು, ನಗುನಗುತ್ತ ಡಬ್ಬಿ ತೆರೆಯುತ್ತಿದ್ದಳು. ಮರ್ಯಾದೆ ಕೊಟ್ಟೆನೆಂದುಕೊಂಡಿದ್ದಳು. ಆ ಮರ್ಯಾದೆಯನ್ನೇ ಊರಿಂದ ಊರಿಗೆ ಹೊತ್ತೆನೇ ಯಾ ಅಲ್ಲಾ. ನಿನ್ನೆ ಸಂಜೆ, ಮೊನ್ನೆ ಸಂಜೆ, ಶಿಗ್ಲಿಯಿಂದ ಬಂದವಳೇ ಮಾಶಾಕನನ್ನು ಎತ್ತಿಕೊಂಡಿದ್ದಳು. ಅವನು ಹಕ್ಕಿಯ ಮರಿಯ ಹಾಗೆ ಬಾಯಿ ತೆರೆದು ಅವಳ ಬೆರಳಿಗೆ ಕಾಯುತ್ತಿದ್ದ. ಒಂದು ಕಣ ಇಟ್ಟರೂ ಬಿಡುತ್ತಿರಲಿಲ್ಲ, ಸಿಹಿ ಕರಗಿದ ಮೇಲೂ ಬೆರಳನ್ನೇ ಚೀಪುತ್ತಿದ್ದ.

ಎರೆ ಹೊಲಗಳು ಹಿಂದೆ ಸರಿಯುತ್ತಿದ್ದವು. ಕುಸುಬಿಯ ಮುಳ್ಳು, ಬಿಳಿಜೋಳದ ತೆನೆ, ದೂರದಲ್ಲಿ ಕಪ್ಪತ್ತಗುಡ್ಡದ ನೀಲಿ. ಅಪ್ಪ ದರ್ಗಾದ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಕತೆಯೊಂದು ಗಾಲಿಯ ಸದ್ದಿನೊಳಗಿಂದ ಎದ್ದು ಬಂತು. ಒಂದೂರಿಗೆ ಒಬ್ಬ ಬಂಡಿಯವನು ಹೊರಟಿದ್ದನಂತೆ. ಸೀಮೆಗಲ್ಲಿನ ಹತ್ತಿರ ಒಬ್ಬ ಮುದುಕಿ, ತಲೆಯ ಮೇಲೆ ಮುಚ್ಚಿದ ಬುಟ್ಟಿ. ಅಣ್ಣಾ, ಕಾಲು ಸೋತಾವ, ನನ್ನನ್ನ ಊರು ಮುಟ್ಟಿಸು ಅಂದಳಂತೆ. ಅವನು ಒಳ್ಳೆಯವನು, ಹತ್ತಿಸಿಕೊಂಡ. ಊರ ಅಗಸಿಯಲ್ಲಿ ಇಳಿದು ಮುದುಕಿ ಅಂದಳು: ನಾನು ಬೇನೆ. ನನಗ ಕಾಲಿಲ್ಲ, ನಿನ್ನಂಥಾ ಒಳ್ಳೆಯವರ ಮ್ಯಾಲ ಕೂತ ಬರತೀನಿ. ಬಾಡಿಗಿ ಕೊಡಾಕ ನನ್ನ ಕಡೆ ಏನೂ ಇಲ್ಲ. ನಿನ್ನ ಮನಿ ಒಂದು ಬಿಟ್ಟು ಹೋಗತೀನಿ. ಊರಿನ ತೊಟ್ಟಿಲುಗಳೆಲ್ಲ ಬರಿದಾದವು. ಬಂಡಿಯವನ ಮನೆಯ ತೊಟ್ಟಿಲು ಮಾತ್ರ ತೂಗುತ್ತಿತ್ತು. ಆಗ ಊರಿಗೆ ತಿಳಿಯಿತು, ತಂದವನು ಯಾರೆಂದು. ಸಣ್ಣವಳಿದ್ದಾಗ ಮೋತಿಬಿ ಕೇಳುತ್ತಿದ್ದಳು, ಆಮ್ಯಾಲೆ ಏನಾತಪ್ಪಾ? ಅಪ್ಪ, ಆಮ್ಯಾಲಿಂದು ಅವನಿಗೆ ಗೊತ್ತು, ಮ್ಯಾಲಿನವಗ ಗೊತ್ತು ಎಂದುಬಿಡುತ್ತಿದ್ದ. ಈಗ ಅವಳಿಗೆ, ನನ್ನ ಮನೆಯನ್ನೂ ಬಿಟ್ಟು ಹೋಗವ್ವಾ, ಇಷ್ಟು ದಿನ ಹೊತ್ತಿದ್ದಕ್ಕೆ ಬಾಡಿಗೆಯೆಂದು ಬಿಡು ಎಂದು ಬೇಡಿಕೊಳ್ಳಬೇಕೆನಿಸಿತು. ಬೇಡಿಕೊಂಡೇಬಿಟ್ಟಳು. ಬೇಡಿದ ಮರುಗಳಿಗೆಯೇ ಬಾಯಿಗೆ ಸೆರಗು ಒತ್ತಿಕೊಂಡಳು. ಯಾರಲ್ಲಿ ಬೇಡಿದೆ? ಪೀರನಲ್ಲಲ್ಲ, ಅಲ್ಲಾನಲ್ಲಲ್ಲ.

ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಅವಳು ಮುಖವನ್ನು ಕಿಟಕಿಯಿಂದ ಈಚೆ ತಿರುಗಿಸಿಕೊಂಡಳು. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲಾಲಬಿಯ ಮನೆ. ಲಾಲಬಿಯ ಕೂಸಿಗೆ ಏನೂ ಆಗಿರಲಿಲ್ಲ. ನೆರೆಮನೆಯ ಕೂಸಿನ ಬಾಟ್ಲಿ ತುಂಬಿಕೊಂಡು ಬರುತ್ತಿದ್ದವಳನ್ನು ತಡೆದು, "ಬೂಬೂ, ನಮ್ಮ ಕೂಸಿಗಿ ದೃಷ್ಟಿ ಭಾಳ, ಒಂದ ಕಣಾ ಇಡವಾ" ಎಂದು ಲಾಲಬಿ ತಾನಾಗಿ ಕೇಳಿದ್ದಳು. ಮುಂದಿನ ವಾರ ಹೋದಾಗ ಆ ಕೂಸಿನ ನೆತ್ತಿ ಬಿದ್ದು ಗುಳಿಯಾಗಿತ್ತು, ಅತ್ತರೆ ಬಾಯಷ್ಟೇ ತೆರೆಯುತ್ತಿತ್ತು, ಕಣ್ಣಲ್ಲಿ ಹನಿಯಿಲ್ಲ. ಅದರದೂ ಒಂದು ಬಾಟ್ಲಿ ತುಂಬಿದ್ದಳು. ಆಮೇಲೆ ಆ ಓಣಿಗೆ ಹೋಗಬೇಕಾಗಿ ಬರಲಿಲ್ಲ. ಇವತ್ತಿನ ಫೋಟೊದಲ್ಲಿ ಶಿರಹಟ್ಟಿ ಎಂದು ಡಾಕ್ಟರು ಬೆರಳಿಟ್ಟ ನಿಚ್ಚಣಿಕೆ ಅದೇ ಕೂಸಿನದೋ ಏನೋ. ಕೂಸು ಮಣ್ಣಿಗೆ ಹೋಗಿತ್ತು. ಅದರ ಹುಳದ ಗೆರೆ ಬೆಳಕಿಗೆ ಹಿಡಿದರೆ ಇನ್ನೂ ಇತ್ತು.

"ಸರಕೋ ಬೂಬೂ, ಮುದುಕಗ ಒಂಚೂರು ಜಾಗಾ ಕೊಡು." ಬಳೆಯ ಗಂಟು ಹೆಗಲಿಗೆ ಹಾಕಿಕೊಂಡ ಜಹಾಂಗೀರ. ಅವಳು ಕಿಟಕಿಗೆ ಒತ್ತಿ ಸರಿದಳು. ಅವನು ಗಂಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತು, "ಯಾಕ, ಮಾರಿ ಬಾಡೇತಲ್ಲ? ಗದಗಿನ ಡಾಕ್ಟರ ಬೈದಾನೇನ?" ಎಂದ.

"ಇಲ್ಲ ಭಾವಾ."

"ಬೈದ್ರ ನನಗ ಹೇಳು. ಅವನ ಹೇಣತಿಗೆ ಬಳಿ ಇಡಸೂದ ಬಿಡತೀನಿ, ತಾನ ದಾರಿಗೆ ಬರತಾನ." ತನ್ನ ಮಾತಿಗೆ ತಾನೇ ನಕ್ಕ. "ಮೊಮ್ಮಗ ಹೆಂಗ ಅದಾನ? ನಜಮಾಗ ಹೇಳು, ಅವನಿಗೆ ಕರಿಬಳಿ ತಂದಿಟ್ಟೀನಿ, ದೃಷ್ಟಿ ತಾಕೂದಿಲ್ಲ. ರೊಕ್ಕಾ ಬ್ಯಾಡ. ನೀನೂ ನನ್ನ ಹಂಗ ಊರೂರು ಮಣ್ಣ ತಿನ್ನಾಕಿ, ನಿನ್ನ ಕಡೆ ರೊಕ್ಕಾ ಹೆಂಗ ತಗೊಳ್ಳಿ?" ಗಂಟಿನ ಬಾಯಿ ಸಡಿಲಿಸಿ, ಎರಡು ಪುಟ್ಟ ಕರಿಬಳೆಗಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಿಸಿದ. ಅವನು ಆ ಬೆರಳನ್ನು ಮುಟ್ಟಿದಾಗ ಮೋತಿಬಿಗೆ ಚೀರಬೇಕೆನಿಸಿತು. ಈ ಕೈಯಿಂದ ಏನೂ ತಗೋಬ್ಯಾಡ, ಈ ಕೈಗೆ ಏನೂ ಕೊಡಬ್ಯಾಡ, ಡಾಕ್ಟರ ಚೀಟಿಯಲ್ಲಿ ನಿನ್ನ ಹೆಸರು ಕೂತೈತಿ ಭಾವಾ, ನಾನ ಕುಂಡ್ರಸಿ ಬಂದೀನಿ. ಬಳೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಲಕ್ಷ್ಮೇಶ್ವರ ಬರುವವರೆಗೆ ಅವನು ಶಿಗ್ಲಿಯ ಒಬ್ಬ ಸೊಸೆ ಮುನಿದು ಹೋಗಿ ಬಳೆ ಒಡೆದುಕೊಂಡ ಕತೆ ಹೇಳಿದ. ಅವಳು ಹೂಂ ಅಂದಳು.

ಓಣಿಯ ತಿರುವಿನಲ್ಲೇ ತಿಳಿಯಿತು. ಮನೆಯ ಮುಂದಿನ ಹಗ್ಗಕ್ಕೆ ಲಂಗೋಟಿಗಳು ಒತ್ತೊತ್ತಾಗಿ ತೂಗುತ್ತಿದ್ದವು. ಬೆಳಿಗ್ಗೆ ಆ ಹಗ್ಗ ಬರಿದಿತ್ತು. ಬಂಡಿಯವನ ಬಾಡಿಗೆ ಅವಳಿಗೆ ಸಿಕ್ಕಿರಲಿಲ್ಲ. ಒಳಗೆ ನಜಮಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಮಗ್ಗುಲಲ್ಲಿ ನೆರೆಮನೆಯ ಅನ್ನಪೂರ್ಣವ್ವ. ನಜಮಾಳನ್ನು ಹೆತ್ತ ದಿನ ಮೋತಿಬಿಯ ಬೆನ್ನು ನೀವಿದ್ದ ಮುದುಕಿ ಅವಳು.

"ಈಗ ಬಂದ್ಯಾ ಅಮ್ಮಾ! ಹನ್ನೆರಡ ಸಲ ಆತು, ನೀರ ಹೊಂಟಾಂಗ ಹೊಂಟೈತಿ. ಕೂಸಿನಪ್ಪ ಲಾರಿ ಮ್ಯಾಲ ಹೋಗ್ಯಾರ. ಇಲ್ಲಿ ಡಾಕ್ಟರ ಪರಸ್ಥಳಕ್ಕ ಹೋಗ್ಯಾನಂತ, ಹೊತ್ತ ಮುಣುಗಿದ ಮ್ಯಾಲ ಬರತಾನಂತ. ಜಲ್ದಿ ಬಾ, ಸಕ್ರಿ ಇಡು. ಮಂದಿ ಕೂಸಿಗೆಲ್ಲಾ ಇಡತಿ."

"ನೀರ ಕುಡಿಸಿದ್ಯೇನ?"

ನಜಮಾ ಅನ್ನಪೂರ್ಣವ್ವನನ್ನು ನೋಡಿದಳು. "ನಾನ ಬ್ಯಾಡ ಅಂದೆ" ಎಂದಳು ಮುದುಕಿ, ತಪ್ಪೇನೂ ಇಲ್ಲದ ದನಿಯಲ್ಲಿ. "ಮ್ಯಾಲ ನೀರ ಹೊಯ್ದಷ್ಟೂ ಕೆಳಗ ಹೊಂಟೈತಿ. ಸೋರೂ ಗಡಿಗಿಗೆ ಯಾರರ ನೀರ ತುಂಬಸ್ತಾರೇನ? ಒಣಗಸಿದ್ರ ತಾನ ನಿಂದರತೈತಿ. ಹಲ್ಲ ಬರಾಕತ್ತಾವ, ಅಷ್ಟ."

ಮೋತಿಬಿ ಕೂಸಿನ ನೆತ್ತಿಯನ್ನು ನೋಡಿದಳು. ಮುಟ್ಟಬೇಕಾಗಿರಲಿಲ್ಲ, ಸಣ್ಣ ಬಟ್ಟಲಿನ ಹಾಗೆ ಒಳಗೆ ಇಳಿದಿತ್ತು. ಕಣ್ಣು ಅರ್ಧ ತೆರೆದು ಎಲ್ಲಿಯೋ ನೋಡುತ್ತಿತ್ತು. ಅವಳ ದನಿ ಕೇಳಿ ಕೂಸು ತಲೆಯನ್ನು ಒಂದಿಷ್ಟು ಹೊರಳಿಸಿ ಬಾಯಿ ತೆರೆಯಿತು. ತುಟಿ ಒಡೆದಿತ್ತು. ಲಾಲಬಿಯ ಮನೆಯ ಕತ್ತಲು ತನ್ನ ಮನೆಯ ಮೂಲೆಯಲ್ಲಿ ಬಂದು ಕೂತಿದೆ ಎನಿಸಿತು ಅವಳಿಗೆ. ನೀರಿಗೆ ಕಲಸಿ ಕುಡಿಸಲು ಡಾಕ್ಟರು ಕೊಟ್ಟಿದ್ದ ಪುಡಿಯ ಪಾಕೀಟುಗಳನ್ನು ಅವರಿವರಿಗೆ ಹಂಚಿ ಕೊನೆಯದನ್ನು ಮೊನ್ನೆ ಶಿಗ್ಲಿಯಲ್ಲಿ ಕೊಟ್ಟು ಬಂದಿದ್ದಳು. ಪಾಕೀಟು ಇಲ್ಲದಿದ್ದರೆ? ಡಾಕ್ಟರು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದರು: ಕುದಿಸಿ ಆರಿಸಿದ ನೀರು, ಸಕ್ಕರೆ, ಚಿಟಿಕೆ ಉಪ್ಪು. ಉಪ್ಪು ಕಣ್ಣೀರಿಗಿಂತ ಹೆಚ್ಚಾಗಬಾರದು, ನಾಲಗೆಗೆ ಹಚ್ಚಿ ನೋಡಬೇಕು. ಕೂಸು ಅತ್ತಾಗ ಕಣ್ಣೀರು ಬಂದರೆ ಅಂಜಬೇಡಿರಿ, ಬರದಿದ್ದರೆ ಅಂಜಿರಿ. ನೂರು ತಾಯಂದಿರಿಗೆ ಅವಳು ಇದನ್ನು ಗಿಳಿಯ ಹಾಗೆ ಒಪ್ಪಿಸಿ, ಅವರು ತಲೆಯಾಡಿಸಿದ ಮೇಲೆ ಬೆರಳಿನಿಂದ ಸಕ್ಕರೆ ಇಟ್ಟು ಬಂದಿದ್ದಳು. ಅವರು ನಂಬಿದ್ದು ಬೆರಳನ್ನು.

"ಸಕ್ರಿ ಇಡವಾ ಅಮ್ಮಾ" ಎಂದು ನಜಮಾ ಅವಳ ಚೀಲದಿಂದ ತಾನೇ ಡಬ್ಬಿ ತೆಗೆದು ಮುಚ್ಚಳ ತಿರುವಿದಳು. ಮೋತಿಬಿ ಅದನ್ನು ಕಸಿದುಕೊಂಡಳು. ಬಿಳಿ ಸಕ್ಕರೆಯ ನಡುವೆ ಬೆರಳು ಆಡಿದ ಗುಣಿ ಇನ್ನೂ ಹಾಗೆಯೇ ಇತ್ತು. ಅಂಚಿನಲ್ಲಿ ಸಕ್ಕರೆ ಪಸೆಯಿಂದ ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಇಷ್ಟು ದಿನ ಇದು ಕಂಡಿರಲಿಲ್ಲವೆ, ಕಂಡೂ ನೋಡಿರಲಿಲ್ಲವೆ? ಓದಿಸಿದ ಸಕ್ಕರೆಯನ್ನು ಗಟಾರಕ್ಕೆ ಚೆಲ್ಲಬಾರದು, ಕಾಲು ತುಳಿಯುವಲ್ಲಿ ಹಾಕಬಾರದು. ಅವಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂದಿ ಕೆದರಿ, ಕೆಂಡ ಊದಿ, ಬಿಸ್ಮಿಲ್ಲಾ ಅನ್ನಲು ಹೋಗಿ ನಾಲಗೆ ತಡವರಿಸಿ, ಡಬ್ಬಿಯನ್ನು ಬೋರಲು ಹಾಕಿಬಿಟ್ಟಳು.

"ಅಮ್ಮಾ! ಓದಿಸಿದ್ದು!"

ಸಕ್ಕರೆ ಮೊದಲು ಕರಗಿತು, ಆಮೇಲೆ ಕೆಂಪಾಗಿ ನೊರೆಯೆದ್ದು, ಕಪ್ಪಗೆ ಗುಳ್ಳೆಗುಳ್ಳೆಯಾಗಿ ಉಬ್ಬಿ ನೀಲಿ ಉರಿಯಿಂದ ಹತ್ತಿಕೊಂಡಿತು. ಸುಟ್ಟ ಸಿಹಿಯ ವಾಸನೆ ಮನೆಯನ್ನೆಲ್ಲ ತುಂಬಿತು. ಅನ್ನಪೂರ್ಣವ್ವ ಕೆನ್ನೆ ಕೆನ್ನೆ ಬಡಿದುಕೊಂಡು, "ಶಿವನ, ತಲಿ ಕೆಟ್ಟೈತೇನ ಈಕಿಗಿ" ಎಂದಳು. ಆ ಉರಿಯ ಮೇಲೆಯೇ ಮೋತಿಬಿ ನೀರಿನ ಪಾತ್ರೆ ಇಟ್ಟಳು. ಅಪ್ಪಾ, ನಿನ್ನ ಪೀರ ಮುನಿಯುತ್ತಾನೆಯೆ? ಮುನಿದರೆ ನನ್ನ ಮೇಲೆ ಮುನಿಯಲಿ, ಬೆರಳು ನನ್ನದು, ಸಕ್ಕರೆ ಅವನದು. ಹಿತ್ತಲಿಗೆ ಹೋಗಿ ಬೂದಿಯಿಂದ, ಆಮೇಲೆ ಸಾಬೂನಿನ ಆ ತುಂಡಿನಿಂದ ಕೈ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಕಡ್ಡಿ ಆಡಿಸಿದಳು. ಮತ್ತೆ ತಿಕ್ಕಿದಳು. ನೀರು ಸುರಿದಷ್ಟೂ ಬೆರಳಿನ ಗೆರೆಗಳು ಎದ್ದು ಕಾಣುತ್ತಿದ್ದವು. ಒಳಗೆ ಬಂದು ಗೋಡೆಯ ಮಾಡದಿಂದ, ಹೋದ ಗುರುವಾರ ಓದಿಸಿ ಇನ್ನೂ ದಾರ ಬಿಚ್ಚದ ಪೊಟ್ಟಣವನ್ನು ತೆಗೆದಳು. "ನಜಮಾ, ನೀ ಬಿಚ್ಚು. ಕೈ ತೊಳಕೊಂಡ ಬಾ. ಚಮಚದಿಂದ ಹಾಕು, ಬೆರಳ ಅದ್ದಬ್ಯಾಡ."

"ನೀ ಯಾಕ ಮುಟ್ಟವಲ್ಲಿ?"

"ನನ್ನ ಬೆರಳ ಶಿಗ್ಲಿಯೊಳಗ ಆಡೇತಿ, ಶಿರಹಟ್ಟಿಯೊಳಗ ಆಡೇತಿ." ಅಷ್ಟು ಅಂದು ನಿಲ್ಲಿಸಿದಳು. ನಜಮಾ ಅವಳನ್ನು ನೋಡಿದಳು, ಹಗ್ಗದ ಮೇಲಿನ ಲಂಗೋಟಿಗಳನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು. ಏನೋ ಹೊಳೆದು ಕಣ್ಣು ಹಿರಿದಾದವು. ಕೂಸನ್ನು ಅವಳ ತೊಡೆಯ ಮೇಲೆ ಹಾಕಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಆ ತಡೆದದ್ದೇ ಮೋತಿಬಿಗೆ ಸಾಕಾಯಿತು. ಕಂಡಕ್ಟರನ ನಗು, ಸಿದ್ದಲಿಂಗವ್ವನ ತಂಬಿಗೆ ಇದರ ಮುಂದೆ ಏನೂ ಅಲ್ಲ. ಆಮೇಲೆ ಕೂಸನ್ನು ಅವಳಿಗೆ ಕೊಟ್ಟು ನಜಮಾ ಹಿತ್ತಲಿಗೆ ಹೋದಳು.

"ಓದಿಸಿದ ಸಕ್ರಿ ನೀರ ಅಂದಮ್ಯಾಲ ಬ್ಯಾಡ ಅನ್ನಾಕ ಬರೂದಿಲ್ಲ" ಎಂದು ಅನ್ನಪೂರ್ಣವ್ವ ತಾನಾಗಿ ಹಿಂದೆ ಸರಿದಳು. "ಅದು ನೀರಲ್ಲ, ಪರಸಾದ. ಕೊಡ್ರಿ."

ನೀರು ಆರಿತು. ನಜಮಾ ಉಪ್ಪು ಹಾಕಿ ಕಲಕಿ ತಾಯಿಯ ಅಂಗೈಗೆ ಒಂದು ಹನಿ ಬಿಟ್ಟಳು. ಮೋತಿಬಿ ನಾಲಗೆ ತಾಗಿಸಿದಳು. ಸಿಹಿಯ ಅಡಿಯಲ್ಲಿ ಉಪ್ಪು, ಕಣ್ಣೀರಿನಷ್ಟೇ. ಕುದಿಸಿದ ಚಮಚ ಮೊದಲು ತುಟಿಗೆ ತಾಗಿದಾಗ ಕೂಸು ನುಂಗಲಿಲ್ಲ. ಹನಿ ಗದ್ದದ ಮೇಲೆ ಹರಿಯಿತು. ಮತ್ತೊಂದು. ಅದೂ ಹರಿಯಿತು. ಮೂರನೆಯದಕ್ಕೆ ಗಂಟಲು ಅಲುಗಿತು. ಕುಡಿದದ್ದನ್ನೆಲ್ಲ ಕಕ್ಕಿತು; ನಜಮಾ ಚಮಚ ಕೆಳಗಿಟ್ಟು ಅಳತೊಡಗಿದಳು. "ಕಕ್ಕಲಿ, ಮತ್ತ ಹಾಕು. ನಿಧಾನ ಹಾಕು" ಎಂದಳು ಮೋತಿಬಿ. ತನ್ನ ದನಿ ಯಾರದೋ ಎನಿಸಿತು. ಹೀಗೆ ಹೊತ್ತು ಹೋಯಿತು. ನಡುವೆ ಕೂಸು ಮತ್ತೆ ಎರಡು ಸಲ ಹೋಯಿತು. ಮೊದಲ ಸಲದ್ದನ್ನು ಹಿತ್ತಲಿಗೆ ಒಯ್ದು ತೊಳೆದಳು. ಎರಡನೆಯದಕ್ಕೆ ಲಂಗೋಟಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಗೋಡೆಯ ಗೂಡಿನಲ್ಲಿ ತೊಳೆದಿಟ್ಟ ಬಾಟ್ಲಿಗಳಿದ್ದವು. ಇದೊಂದನ್ನು ತುಂಬಿ ಒಯ್ದರೆ ಆ ಬೂದಿ ಬಣ್ಣದ ನೆಲದ ಮೇಲೆ ಇನ್ನೊಂದು ನಿಚ್ಚಣಿಕೆ ಏಳುತ್ತದೆ, ಶಿಗ್ಲಿಯ ಪಕ್ಕಕ್ಕೆ, ಲಾಲಬಿಯ ಕೂಸಿನ ಪಕ್ಕಕ್ಕೆ. ಕೆಳಗಿನ ಎರಡು ಗೆರೆ ಮೇಲಕ್ಕೆ ಸರಿದಿರುತ್ತವೆ. ಬಳೆಗಾರ ಈ ಮನೆಯ ಹೊಸ್ತಿಲು ಎಂದೂ ದಾಟಿಲ್ಲ, ಎಂದೂ ಈ ಕೂಸನ್ನು ಮುಟ್ಟಿಲ್ಲ. ಡಾಕ್ಟರು ಒಂದು ಮಾತನ್ನೂ ಕೇಳಬೇಕಾಗುವುದಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಕರಿಬಳೆಗಳು ಮೊಣಕಾಲಿಗೆ ತಾಗಿ ಸಣ್ಣಗೆ ಸದ್ದು ಮಾಡಿದವು. ಅವಳು ಬಾಟ್ಲಿ ತುಂಬಿ, ಬಿರಡೆ ಒತ್ತಿ, ಫ್ಲಾಸ್ಕಿನಲ್ಲಿ ಇಟ್ಟಳು. ಬರ್ಫ ಕರಗಿ ನೀರಾಗಿತ್ತು. ನಾಳೆ ಮೊದಲ ಬಸ್ಸಿನವರೆಗೆ ಇದ್ದೀತೆ? ನಾಳೆಯವರೆಗೆ ಕೂಸು ಇದ್ದೀತೆ? ಎರಡು ಪ್ರಶ್ನೆಗಳೂ ಒಂದೇ ಉಸಿರಿನಲ್ಲಿ ಬಂದದ್ದಕ್ಕೆ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಮತ್ತೆ ಕೈ ತೊಳೆದಳು.

ಹೊತ್ತು ಇಳಿಯಿತು. ಓಣಿಯಲ್ಲಿ ಆಡುಗಳು ಮನೆಗೆ ಬಂದವು. ಊರಿನ ಡಾಕ್ಟರು ಬಂದರೋ ನೋಡಿ ಬರುತ್ತೇನೆಂದು ಅನ್ನಪೂರ್ಣವ್ವ ಎದ್ದು ಹೋದಳು. ಮಗ್ರಿಬ್‌ನ ಅಜಾನ್ ಕೇಳಿತು. ನಜಮಾ ಕೂತಲ್ಲೇ ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು, ಕೈಯಲ್ಲಿ ಚಮಚ ಹಾಗೆಯೇ ಇತ್ತು. ಮೋತಿಬಿ ಅದನ್ನು ಮೆಲ್ಲಗೆ ತೆಗೆದುಕೊಂಡು ತಾನೇ ಹಾಕತೊಡಗಿದಳು. ಒಂದು ಚಮಚ, ಒಂದು ಅಲ್ಲಾ. ಒಂದು ಚಮಚ, ಒಂದು ಅಲ್ಲಾ. ಎಷ್ಟೋ ಹೊತ್ತಿನ ಮೇಲೆ ಕೂಸು ಅವಳನ್ನು ನೋಡಿತು. ಎಲ್ಲಿಯೋ ನೋಡುತ್ತಿದ್ದ ಕಣ್ಣು ತಿರುಗಿ ಬಂದು ಅವಳ ಮುಖದ ಮೇಲೆ ನಿಂತಿತು. ಎರಡೂ ಕೈ ಎತ್ತಿ, ಚಮಚವನ್ನು ಸರಿಸಿ, ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದು, ದಿನವೂ ಹಿಡಿಯುವ ಹಾಗೆ ಬಾಯಿಗೆ ಎಳೆದುಕೊಂಡಿತು.

ಹಾವು ಮುಟ್ಟಿದವಳಂತೆ ಅವಳು ಬೆರಳನ್ನು ಕಿತ್ತುಕೊಂಡಳು.

ಕೂಸು ಬರಿಗೈಯನ್ನು ನೋಡಿತು. ಅವಳನ್ನು ನೋಡಿತು. ತುಟಿ ಕೆಳಗೆ ತಿರುಗಿ ನಡುಗಿತು. ಬಾಯಿ ತೆರೆಯಿತು, ಮೊದಲು ಸದ್ದೇ ಇಲ್ಲ, ಲಾಲಬಿಯ ಕೂಸಿನ ಹಾಗೆಯೇ, ಒಣ ಬಾಯಿ ಅಷ್ಟೇ, ಮತ್ತು ಮೋತಿಬಿ ಆ ಬಾಯಿಯೊಳಗಿನ ಕತ್ತಲನ್ನು ನೋಡುತ್ತ ಕೂತಳು. ಆಮೇಲೆ ಅಳು ಬಂತು, ಸಿಟ್ಟಿನ ಅಳು, ಮೋಸ ಹೋದವರ ಅಳು. ನಜಮಾ ಬೆಚ್ಚಿ ಎದ್ದು, "ಏನಾತು, ಏನಾತ ಅಮ್ಮಾ" ಅನ್ನುತ್ತ ಚಿಮಣಿಯನ್ನು ಹತ್ತಿರ ತಂದಳು. ಬೆಳಕಿನಲ್ಲಿ ಕೂಸಿನ ಬಲಗಣ್ಣಿನ ಕೊನೆಯಲ್ಲಿ ಏನೋ ಹೊಳೆಯಿತು, ನಿಂತಿತು, ತುಂಬಿತು, ಕಿವಿಯ ಕಡೆಗೆ ಇಳಿಯಿತು.

ಒರೆಸಲೆಂದು ಮೋತಿಬಿಯ ಬೆರಳು ತಾನಾಗಿ ಎದ್ದಿತು. ಅರ್ಧ ದಾರಿಯಲ್ಲಿ ಅದನ್ನು ಅವಳು ಹಿಡಿದು ನಿಲ್ಲಿಸಿದಳು. ಹನಿ ತನ್ನ ಪಾಡಿಗೆ ತಾನು ಇಳಿದು ಕೂಸಿನ ಕಿವಿಯ ಮೇಲಿನ ಎಳೆಗೂದಲನ್ನು ತೋಯಿಸಿತು.